ಪೊರೆ ಬಿಡುವ ಹೊತ್ತು

ಬೆಂಗಳೂರಿನಿಂದ ವಿಶಾಖಪಟ್ಟಣಕ್ಕೆ ನಾನು ಹಿಡಿಯುವ ರೈಲು ಗುತ್ತಿ, ನಂದ್ಯಾಲ, ಗಿದ್ದಲೂರು ದಾಟಿ ವಿಜಯವಾಡಕ್ಕೆ ಬರುತ್ತದೆ. ಕೆಲಸಕ್ಕೆಂದು ಈ ಕಡಲ ಊರಿಗೆ ಬಂದ ಮೊದಲ ವರ್ಷಗಳಲ್ಲಿ ಗುತ್ತಿ ಅಂದರೆ ನನಗೆ ಗುಡ್ಡದ ಮೇಲಿನ ಕೋಟೆ ಮತ್ತು ಪ್ಲಾಟ್‌ಫಾರ್ಮಿನ ಚಹಾ, ಅಷ್ಟೇ. ಆ ಊರಿನ ಹೆಸರು ಹೊತ್ತ ಒಂದು ಜೇಡ ದೇಶದೇಶಗಳ ಮನೆಗಳಲ್ಲಿ, ಗಾಜಿನ ಪೆಟ್ಟಿಗೆಗಳೊಳಗೆ ಬೆಳೆಯುತ್ತಿದೆ ಎಂದು ತಿಳಿದದ್ದು ಜರ್ಮನಿಯಲ್ಲಿರುವ ನನ್ನ ಕಾಲೇಜು ಗೆಳೆಯನಿಂದ.

ಅದರ ವೈಜ್ಞಾನಿಕ ಹೆಸರು ಪೊಯಿಸಿಲೊಥೀರಿಯಾ ಮೆಟಾಲಿಕಾ. ಮರದ ಪೊಟರೆಯಲ್ಲಿ ಬಾಳುವ ಟ್ಯಾರಂಟುಲಾ. ಬಲಿತಾಗ ಮೈಯೆಲ್ಲ ನೀಲಿ. 1899ರಲ್ಲಿ ರೆಜಿನಾಲ್ಡ್ ಪೊಕಾಕ್ ಎಂಬ ಬ್ರಿಟಿಷ್ ವಿಜ್ಞಾನಿ ಇದನ್ನು ಮೊದಲ ಸಲ ವರ್ಣಿಸಿದರು. ಅವರಿಗೆ ಸಿಕ್ಕಿದ್ದು ಒಂದೇ ಒಂದು ಜೇಡ, ಅದೂ ಗುತ್ತಿಯ ರೈಲ್ವೆಯವರು ಮರದ ದಿಮ್ಮಿ ಪೇರಿಸಿಡುತ್ತಿದ್ದ ಅಂಗಳದಲ್ಲಿ. ಆಮೇಲೆ ನೂರು ವರ್ಷ ಅದರ ಸುಳಿವೇ ಇಲ್ಲ. 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಕಾಡಿನಲ್ಲಿ ಮತ್ತೆ ಕಂಡಿತು. ಅಂದರೆ ಗುತ್ತಿ ಅದರ ಊರಲ್ಲ. ಯಾವುದೋ ದಿಮ್ಮಿಯೊಳಗೆ ಅಡಗಿ ರೈಲಿನಲ್ಲಿ ಬಂದಿಳಿದ ಊರಿರಬೇಕು ಎಂಬುದು ಈಗಿನ ಊಹೆ. ಇಳಿದ ಸ್ಟೇಷನ್ನಿನ ಹೆಸರೇ ಅದಕ್ಕೆ ಅಂಟಿಕೊಂಡಿತು. ನನ್ನನ್ನು ಆಫೀಸಿನಲ್ಲಿ ‘ಬೆಂಗಳೂರಿನವರು’ ಅನ್ನುತ್ತಾರೆ. ನಾನು ಬಳ್ಳಾರಿಯವನು.

ಗೆಳೆಯನ ಮನೆಯ ಜೇಡಗಳು ಕಾಡಿನಿಂದ ಹಿಡಿದು ತಂದವಲ್ಲ. ಅಲ್ಲೇ ಸಾಕಿದ ಜೇಡಗಳ ಮರಿಗಳು. ಕಾಡಿನಲ್ಲಿ ಉಳಿದಿರುವ ಅದರ ನೆಲೆ ನೂರು ಚದರ ಕಿಲೋಮೀಟರಿಗೂ ಕಡಿಮೆ ಎಂದು ಲೆಕ್ಕ ಹಾಕಿ, 2008ರಲ್ಲೇ ಅದನ್ನು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದ್ದಾರೆ. ಸೌದೆಗೆ, ದಿಮ್ಮಿಗೆ ಅಲ್ಲಿ ಮರ ಬೀಳುತ್ತಲೇ ಇದೆ. 2019ರಿಂದ ಈ ಕುಲದ ಎಲ್ಲ ಜೇಡಗಳ ಅಂತರರಾಷ್ಟ್ರೀಯ ವ್ಯಾಪಾರದ ಮೇಲೂ ನಿಯಂತ್ರಣವಿದೆ. ತನ್ನ ಕಾಡಿನಲ್ಲಿ ಜಾಗವಿಲ್ಲದ ಜೀವ ಪರದೇಶದ ಪೆಟ್ಟಿಗೆಯಲ್ಲಿ ಸುಖವಾಗಿದೆಯೇ ಎಂದು ಕೇಳಿದರೆ ಗೆಳೆಯ ನಗುತ್ತಾನೆ. “ಸುಖ ಗೊತ್ತಿಲ್ಲ. ಚೆನ್ನಾಗಿ ಬೆಳೀತಿದೆ” ಅನ್ನುತ್ತಾನೆ.

ಈ ಬೆಳೆಯುವುದು ಅನ್ನುವ ಮಾತೇ ನನ್ನನ್ನು ಕಾಡಿದ್ದು.

ಜೇಡ ನಮ್ಮ ಹಾಗೆ ದಿನದಿನವೂ ಇಷ್ಟಿಷ್ಟೇ ಬೆಳೆಯುವುದಿಲ್ಲ. ಮೈಮೇಲಿನ ಗಟ್ಟಿ ಕವಚ ಹಿಗ್ಗದು. ಹಳೆಯದನ್ನು ಕಳಚಿ, ಮೆತ್ತಗಿರುವ ಹೊಸ ಮೈ ಗಟ್ಟಿಯಾಗುವ ಮೊದಲೇ ಒಂದಿಷ್ಟು ದೊಡ್ಡದಾಗಬೇಕು. ಮರಿಯಲ್ಲಿ ಮಸುಕಾಗಿರುವ ಬಣ್ಣ ಪೊರೆಯಿಂದ ಪೊರೆಗೆ ನೀಲಿಗೆ ತಿರುಗುತ್ತದೆ. ಬೆಚ್ಚಗಿನ ಜಾಗದಲ್ಲಿಟ್ಟು ಹೆಚ್ಚು ತಿನ್ನಿಸಿದರೆ ಪೊರೆ ಬೇಗ ಬೇಗ ಬೀಳುತ್ತದೆ, ಜೇಡ ಬೇಗ ಬಲಿಯುತ್ತದೆ. ಸಾಕುವವರಲ್ಲಿ ಹಾಗೆ ಮಾಡುವವರೂ ಇದ್ದಾರೆ. ನೀಲಿ ನೋಡುವ ಆಸೆ.

ಗೆಳೆಯನೂ ಹಾಗೇ ಮಾಡಿದ. ಒಂದೇ ತಾಯಿಯ ಎರಡು ಮರಿ ತಂದು, ಎರಡಕ್ಕೂ ಕೈತುಂಬ ತಿನ್ನಿಸಿದ. ವರ್ಷ ದಾಟುವಷ್ಟರಲ್ಲಿ ಒಂದು ಬಲಿಯಿತು. ಬಾಯಿಯ ಪಕ್ಕದ ಪುಟ್ಟ ಕೈಗಳ ತುದಿ ಉಬ್ಬಿತ್ತು. ಅದು ಗಂಡು ಅನ್ನುವುದರ ಗುರುತು. ಅದು ಅದರ ಕೊನೆಯ ಪೊರೆ ಅನ್ನುವುದರ ಗುರುತೂ ಹೌದು. ಗಂಡು ಬಲಿತ ಮೇಲೆ ಸಾಮಾನ್ಯವಾಗಿ ಮತ್ತೆ ಪೊರೆ ಬಿಡುವುದಿಲ್ಲ. ಊಟ ಕಡಿಮೆ ಮಾಡಿ, ಹೆಣ್ಣನ್ನು ಹುಡುಕುತ್ತ ಅಲೆದು, ಮುಗಿಯುತ್ತದೆ. ಹೆಣ್ಣಿನ ಕಥೆ ಬೇರೆ. ಅದು ಬಲಿತ ಮೇಲೂ ಪೊರೆ ಬಿಡುತ್ತ ಹತ್ತು ವರ್ಷ ಮೀರಿ ಬಾಳಬಲ್ಲದು. ಗಂಡು ಸತ್ತಾಗ ಗೆಳೆಯ ಬರೆದ: “ಪ್ರೀತಿಯಿಂದಲೇ ತಿನ್ನಿಸಿದೆ ಕಣೋ. ಈಗ ನೋಡಿದರೆ ಅದರ ಆಯುಸ್ಸನ್ನೇ ಅವಸರ ಮಾಡಿದೆ ಅನ್ನಿಸುತ್ತೆ.”

ಅದೇ ವರ್ಷ ನನ್ನ ಅಕ್ಕನ ಮಗ ಹತ್ತನೇ ಕ್ಲಾಸು ಮುಗಿಸಿದ. ವಿಜಯವಾಡದ ಹಾಸ್ಟೆಲ್ ಇರುವ ಇಂಟರ್‌ಮೀಡಿಯೆಟ್ ಕಾಲೇಜಿಗೆ ಸೇರಿಸೋಣ ಅಂದವನು ನಾನೇ. ಬೆಳಗಿನ ಜಾವಕ್ಕೆ ಎಬ್ಬಿಸುತ್ತಾರೆ, ರಾತ್ರಿ ಹತ್ತರವರೆಗೆ ಓದಿಸುತ್ತಾರೆ, ವಾರವಾರ ಪರೀಕ್ಷೆ, ರ‍್ಯಾಂಕು ಗೋಡೆಯ ಮೇಲೆ. “ಎರಡು ವರ್ಷ ಅಕ್ಕಾ, ಹುಡುಗ ತಯಾರಾಗಿ ಬರ್ತಾನ” ಅಂದಿದ್ದೆ. ಭಾವ ಸಾಲ ಮಾಡಿ ಫೀಸು ಕಟ್ಟಿದರು.

ಮೂರು ತಿಂಗಳಿಗೆ ಅಕ್ಕನ ಫೋನು. “ತಮ್ಮಾ, ಅವ್ನು ಮಾತೇ ಆಡವಲ್ಲ. ಊಟನೂ ಸೇರವಲ್ದಂತೆ.”

ಆಗ ನನಗೆ ನೆನಪಾದದ್ದು ಜೇಡ. ಪೊರೆ ಬಿಡುವ ಮೊದಲು ಅದು ದಿನಗಟ್ಟಲೆ, ಕೆಲವು ಸಲ ವಾರಗಟ್ಟಲೆ ತಿನ್ನುವುದಿಲ್ಲ, ಪೊಟರೆ ಬಿಟ್ಟು ಬರುವುದಿಲ್ಲ. ಹೊಸಬರು ಗಾಬರಿಯಾಗಿ ಕೆದಕುತ್ತಾರೆ. ತಿಳಿದವರು ಮುಟ್ಟುವುದಿಲ್ಲ, ಪೆಟ್ಟಿಗೆಯಲ್ಲಿ ಉಳಿದ ಮಿಡತೆಯನ್ನೂ ತೆಗೆದುಬಿಡುತ್ತಾರೆ, ಯಾಕೆಂದರೆ ಮೈ ಮೆತ್ತಗಿರುವಾಗ ಊಟಕ್ಕೆ ಹಾಕಿದ ಮಿಡತೆಯೇ ಜೇಡವನ್ನು ಕಚ್ಚೀತು. ಇದೆಲ್ಲ ಕೇಳಿ ಕಲಿತಿದ್ದ ನಾನು ಅಕ್ಕನಿಗೆ ದೊಡ್ಡ ತಿಳಿವಳಿಕಸ್ಥನ ಹಾಗೆ ಹೇಳಿದೆ: “ಸುಮ್ಮನಿರು ಅಕ್ಕಾ. ಬೆಳೆಯೋ ಹುಡುಗ. ಹೊಂದಿಕೊಳ್ತಾನ.”

ಹೇಳಿ ಎರಡು ತಿಂಗಳು ಸುಮ್ಮನಿದ್ದೆ. ವಿಶಾಖಪಟ್ಟಣದಿಂದ ವಿಜಯವಾಡ ರೈಲಿನಲ್ಲಿ ಆರೇಳು ತಾಸಿನ ದಾರಿ. ಹೋಗಿ ನೋಡಲಿಲ್ಲ.

ಕೊನೆಗೊಂದು ಭಾನುವಾರ ಹೋದೆ. ಕೃಷ್ಣೆಯ ದಡದಲ್ಲಿ, ಪ್ರಕಾಶಂ ಬ್ಯಾರೇಜಿನ ಹತ್ತಿರ ಕೂತೆವು. ಹುಡುಗ ಸೊರಗಿದ್ದ. ಇಡ್ಲಿ ಪೊಟ್ಟಣ ಬಿಚ್ಚಿ ಕೊಟ್ಟರೆ ಒಂದೇ ಉಸಿರಿಗೆ ತಿಂದ. ತುಂಬ ಹೊತ್ತಿನ ಮೇಲೆ ಅಂದ: “ಮಾಮಾ, ನಂಗೆ ಲೆಕ್ಕ ಬರ್ತೈತಿ. ಇಷ್ಟು ಜೋರಿಗೆ ಬರಲ್ಲ.”

ಅಷ್ಟು ದಿನ ಯಾಕೆ ಹೇಳಲಿಲ್ಲ ಅಂದೆ. “ನೀವು ಕೇಳ್ಲಿಲ್ಲ” ಅಂದ.

ನಾನು ಜೇಡದಿಂದ ಅರ್ಧ ಪಾಠವನ್ನಷ್ಟೇ ಕಲಿತಿದ್ದೆ. ಕಾಯುವುದು ಒಳ್ಳೆಯ ಗುಣ, ನಿಜ. ಆದರೆ ಗೆಳೆಯನ ಕಾಯುವಿಕೆಯಲ್ಲಿ ದುಡಿಮೆ ಇತ್ತು: ನೀರು ಇದೆಯೇ, ತೇವ ಸರಿಯಿದೆಯೇ, ಹೊಟ್ಟೆ ಕುಗ್ಗಿದೆಯೇ ಎಂದು ದಿನವೂ ನೋಡುತ್ತಿದ್ದ. ನಾನು ನೋಡದೇ ಇದ್ದದ್ದಕ್ಕೆ ತಾಳ್ಮೆ ಎಂದು ಹೆಸರಿಟ್ಟುಕೊಂಡಿದ್ದೆ. ಅದಕ್ಕಿಂತ ದೊಡ್ಡ ತಪ್ಪೆಂದರೆ, ಬಾಯಿಲ್ಲದ ಜೀವಕ್ಕೆ ಸಲ್ಲುವ ನಿಯಮವನ್ನು ಬಾಯಿರುವ ಹುಡುಗನಿಗೆ ಹಚ್ಚಿದ್ದು. ಜೇಡದ ಮೌನವನ್ನು ನಾವು ಊಹಿಸಿಯೇ ಅರ್ಥ ಮಾಡಿಕೊಳ್ಳಬೇಕು. ಮನುಷ್ಯನ ಮೌನವನ್ನು ಊಹಿಸುವ ಮೊದಲು ಕೇಳಬಹುದು.

ಬೇಗ ಬಲಿಯಲಿ ಎಂದು ನಾವು ಬಯಸುವುದು ಯಾರಿಗೋಸ್ಕರ? ಗೆಳೆಯನಿಗೆ ನೀಲಿ ಬೇಕಿತ್ತು. ನನಗೆ, ಊರಲ್ಲಿ ಹೇಳಿಕೊಳ್ಳಲು ಒಬ್ಬ ಐಐಟಿ ಅಳಿಯ ಬೇಕಿದ್ದ. ಇಬ್ಬರದೂ ಅಕ್ಕರೆಯೇ, ಸುಳ್ಳಲ್ಲ. ಆದರೆ ಅಕ್ಕರೆ ಇದೆ ಅನ್ನುವುದು ಅವಸರಕ್ಕೆ ಸಮರ್ಥನೆಯಾಗದು. ಆ ಹಾಸ್ಟೆಲಿನಲ್ಲಿ ಚೆನ್ನಾಗಿ ಓದಿ ಮುಂದೆ ಬಂದ ಹುಡುಗರೂ ಇದ್ದಾರೆ. ಹಾಗಾಗಿ ತಪ್ಪನ್ನು ಪೂರ್ತಿ ಆ ಗೋಡೆಗಳ ಮೇಲೆ ಹೊರಿಸಲಾರೆ. ಒಂದೇ ತಾಯಿಯ ಎರಡು ಮರಿಗಳಿಗೇ ಬಲಿಯುವುದರ ಅರ್ಥ ಬೇರೆ ಬೇರೆಯಾಗಿತ್ತು.

ಹುಡುಗ ಈಗ ಬಳ್ಳಾರಿಯಲ್ಲೇ ಪಿಯುಸಿ ಓದುತ್ತಿದ್ದಾನೆ. ಒಂದು ವರ್ಷ ಹಾಳಾಯಿತು ಎಂದು ನೆಂಟರು ಲೆಕ್ಕ ಹಾಕುತ್ತಾರೆ. ಭಾವನ ಸಾಲ ಇನ್ನೂ ತೀರಿಲ್ಲ. ಅದರಲ್ಲಿ ಅರ್ಧ ನಾನು ಕಟ್ಟುತ್ತಿದ್ದೇನೆ.

ಕಳೆದ ವಾರ ಗೆಳೆಯನ ಸಂದೇಶ ಬಂತು. ಹೆಣ್ಣು ಜೇಡ ಹತ್ತು ದಿನದಿಂದ ತಿಂದಿಲ್ಲ, ಪೊರೆ ಬಿಡುವ ಹೊತ್ತಿರಬೇಕು, ಮಿಡತೆ ತೆಗೆದಿಟ್ಟು ಕಾಯುತ್ತಿದ್ದೇನೆ ಎಂದು. ಸರಿ, ಕಾಯಿ ಎಂದು ಬರೆದು, ಬಳ್ಳಾರಿಗೆ ಫೋನು ಹಚ್ಚಿದೆ. ಊಟ ಆಯ್ತೇನೋ ಅಂದೆ. “ಈಗ ಉಣ್ಣಾಕ ಕುಂತೀನಿ ಮಾಮಾ, ಆಮ್ಯಾಲೆ ಮಾಡ್ತೀನಿ” ಅಂದು ಇಟ್ಟುಬಿಟ್ಟ.