ಹನ್ನಳ ಕಣ್ಣೀರು ಮತ್ತು ಗಂಡಂದಿರು



ಹಿಂದೊಮ್ಮೆ ಭಾನುವಾರದ ಬಲಿಪೂಜೆಯ ನಂತರ ತಾಯಿಯೊಬ್ಬರು ಬಂದು ಸೊಸೆಗಾಗಿ ಪ್ರಾರ್ಥಿಸಬೇಕೆಂದು ಕೇಳಿಕೊಂಡರು. ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ಆ ಹೆಣ್ಣುಮಗಳು ಅತ್ತೂರಿಗೆ ಹರಕೆ ಹೊತ್ತಿದ್ದಾಯಿತು, ವೇಳಾಂಗಣಿಗೆ ಎರಡು ಸಲ ಹೋಗಿ ಬಂದದ್ದಾಯಿತು. "ಮಗ ಡಾಕ್ಟರರನ್ನು ಕಂಡಿದ್ದಾನೆಯೇ ಅಮ್ಮಾ?" ಎಂದೆ. "ಅವನಿಗೇನು ಫಾದರ್, ಗುಂಡುಕಲ್ಲಿನ ಹಾಗಿದ್ದಾನೆ" ಎಂದರು.

ಸಮುವೇಲನ ಮೊದಲನೆಯ ಗ್ರಂಥವು ಹನ್ನಳ ಕಣ್ಣೀರಿನಿಂದಲೇ ಆರಂಭವಾಗುತ್ತದೆ. ಸವತಿ ಪೆನಿನ್ನಳ ಚುಚ್ಚುಮಾತಿಗೆ ಆಕೆ ಊಟ ಬಿಟ್ಟು ಅಳುತ್ತಿದ್ದಳು. ಪತಿ ಎಲ್ಕಾನ ಆಕೆಯನ್ನು ದೂರಲಿಲ್ಲ. ಸಂತೈಸಿದ. ನಮ್ಮ ಎಷ್ಟೋ ಮನೆಗಳಲ್ಲಿ ಪೆನಿನ್ನಳ ಮಾತನ್ನು ಗಂಡನೇ ಆಡುತ್ತಾನೆ, ಇಲ್ಲವೇ ತಾಯಿ ಆಡುವಾಗ ಸುಮ್ಮನಿರುತ್ತಾನೆ. ಎರಡೂ ಪಾಪವೇ.

ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಪುರುಷನಲ್ಲಿಯೂ ಕಾರಣವಿರುತ್ತದೆಂದು ವೈದ್ಯರು ಹೇಳುತ್ತಾರೆ. ತೋಳ್ಬಲಕ್ಕೂ ವೀರ್ಯಾಣುಗಳಿಗೂ ಸಂಬಂಧವಿಲ್ಲ. ವೃಷಣದ ರಕ್ತನಾಳಗಳು ಉಬ್ಬುವ ವೇರಿಕೋಸೀಲ್ ಎಂಬ ತೊಂದರೆ ಬಹಳ ಸಾಮಾನ್ಯ. ಚಿಕ್ಕ ಶಸ್ತ್ರಚಿಕಿತ್ಸೆಯಿಂದ ಅನೇಕರಿಗೆ ಗುಣ ಕಂಡಿದೆ. ಪಿಟ್ಯುಟರಿ ಗ್ರಂಥಿಯ ಹಾರ್ಮೋನ್ ಕೊರತೆಯಿದ್ದರೆ ತಿಂಗಳುಗಟ್ಟಲೆ ಇಂಜೆಕ್ಷನ್ ಬೇಕಾಗಬಹುದು. ಸೋಂಕಿಗೆ ಔಷಧಿಯಿದೆ. ಆದರೆ ಗಂಡಸುತನ ಹೆಚ್ಚಲೆಂದು ಯಾರದೋ ಮಾತು ಕೇಳಿ ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಳ್ಳುವವರಿದ್ದಾರೆ. ಅದರಿಂದ ವೀರ್ಯಾಣು ಉತ್ಪತ್ತಿ ನಿಂತೇ ಹೋಗಬಹುದು. ಬೀಡಿ ಸಿಗರೇಟು, ಕುಡಿತ ಬಿಡಲು ಡಾಕ್ಟರರ ಚೀಟಿ ಬೇಕಿಲ್ಲ. ವೀರ್ಯಾಣು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಹಿಡಿಯುವುದರಿಂದ ಯಾವ ಚಿಕಿತ್ಸೆಗೂ ಮೂರು ತಿಂಗಳಾದರೂ ತಾಳ್ಮೆ ಬೇಕು.

"ಇದಕ್ಕೆಲ್ಲ ಧರ್ಮಸಭೆಯ ಒಪ್ಪಿಗೆಯಿದೆಯೇ?" ಎಂದು ಕೆಲವರು ಅಂಜುತ್ತಾರೆ. ಇದೆ. 1987ರ 'ದೋನುಮ್ ವೀತೇ', 2008ರ 'ದಿಗ್ನಿತಾಸ್ ಪೆರ್ಸೋನೇ' ಬೋಧನಾಪತ್ರಗಳು ಇದನ್ನು ಬಿಡಿಸಿ ಹೇಳಿವೆ. ದಂಪತಿಗಳ ಮಿಲನ ಫಲ ಕೊಡುವಂತೆ ಅಡ್ಡಿಯನ್ನು ತೆಗೆಯುವ ಚಿಕಿತ್ಸೆ ಯೋಗ್ಯ. ಆ ಮಿಲನದ ಸ್ಥಾನವನ್ನೇ ಆಕ್ರಮಿಸುವ ಪ್ರನಾಳ ಶಿಶು ವಿಧಾನ, ಪರಪುರುಷನ ವೀರ್ಯದಾನ ಸಲ್ಲದು. ಮಗು ದೇವರ ವರ, ನಮ್ಮ ಹಕ್ಕಿನ ವಸ್ತುವಲ್ಲ.

ಕೇಳಲು ನಾಚುವ ಪ್ರಶ್ನೆಯೊಂದಿದೆ: ಪರೀಕ್ಷೆಗೆ ವೀರ್ಯ ಕೊಡುವುದು ಹೇಗೆ? ಪ್ರಯೋಗಾಲಯದವರು ಸಾಮಾನ್ಯವಾಗಿ ಸೂಚಿಸುವ ಹಸ್ತಮೈಥುನವನ್ನು ನಮ್ಮ ನೀತಿಬೋಧೆ ಒಪ್ಪುವುದಿಲ್ಲ. ಪತ್ನಿಯೊಂದಿಗಿನ ಮಿಲನದಲ್ಲೇ, ಸಣ್ಣ ರಂಧ್ರವಿರುವ ವಿಶೇಷ ಚೀಲದಲ್ಲಿ ಸಂಗ್ರಹಿಸುವ ಕ್ರಮವನ್ನು ಅನೇಕ ಕಥೋಲಿಕ ನೀತಿಶಾಸ್ತ್ರಜ್ಞರು ಒಪ್ಪಿದ್ದಾರೆ. ಸಾಧಾರಣ ನಿರೋಧ್ ಬೇಡ, ಅದರಲ್ಲಿನ ಪದಾರ್ಥ ವೀರ್ಯಾಣುಗಳಿಗೆ ಹಾನಿ ಮಾಡಬಹುದು. ಡಾಕ್ಟರರ ಹತ್ತಿರ ಮುಚ್ಚುಮರೆಯಿಲ್ಲದೆ ಕೇಳಿ.

ಎಲ್ಲ ಚಿಕಿತ್ಸೆಯ ನಂತರವೂ ಕೆಲವರ ಮಡಿಲು ತುಂಬುವುದಿಲ್ಲ. ಅಂಥವರಿಗೆ ಧರ್ಮಸಭೆ ದತ್ತು ಸ್ವೀಕಾರದ ದಾರಿಯನ್ನು ತೋರಿಸುತ್ತದೆ. ಅವರ ದಾಂಪತ್ಯ ಯಾವ ವಿಧದಲ್ಲೂ ಕಡಿಮೆಯದಲ್ಲ.

ಆ ತಾಯಿ ಎರಡು ತಿಂಗಳ ನಂತರ ಮತ್ತೆ ಬಂದರು. ಈ ಸಲ ಮಗನೂ ಸೊಸೆಯೂ ಜೊತೆಗಿದ್ದರು. ಆತ ತಲೆ ತಗ್ಗಿಸಿ, "ಗುರುವಾರ ಆಪರೇಷನ್ ಫಾದರ್, ನನಗಾಗಿ ಪ್ರಾರ್ಥಿಸಿ" ಎಂದ. ಮೂವರ ತಲೆಯ ಮೇಲೂ ಕೈಯಿಟ್ಟು ಪ್ರಾರ್ಥಿಸಿದೆ.