ಹೊಳೆ ಏರಿದೆ, ಮಳೆ ಎಲ್ಲಿ?

ನಂಜನಗೂಡಿನ ಸ್ನಾನಘಟ್ಟ, ಆಷಾಢದ ಒಂದು ಬೆಳಿಗ್ಗೆ. ಬಿಸಿಲು ಚುರುಗುಟ್ಟುತ್ತಿತ್ತು. ಹಿಂದಿನ ಸಂಜೆ ನಾಲ್ಕು ಮೆಟ್ಟಿಲು ಕೆಳಗಿದ್ದ ಕಪಿಲೆ ಬೆಳಗಾಗುವಷ್ಟರಲ್ಲಿ ನಾನು ಚಪ್ಪಲಿ ಬಿಟ್ಟ ಮೆಟ್ಟಿಲ ಹತ್ತಿರಕ್ಕೇ ಬಂದಿದ್ದಳು. “ವಯನಾಡಲ್ಲಿ ರಾತ್ರಿ ಜೋರು ಮಳೆ ಆಗಿರಬೇಕು” ಅಂದೆ. ಪಕ್ಕದಲ್ಲಿ ಪಂಚೆ ಹಿಂಡುತ್ತಿದ್ದ ಹಿರಿಯರು ತಲೆ ಎತ್ತಿ ನೋಡಿದರು. “ಮಳೆ ನಿಂತು ಮೂರು ದಿನ ಆಯ್ತು ಸ್ವಾಮಿ. ಕಬಿನಿ ಡ್ಯಾಮ್ ತುಂಬೈತೆ, ಗೇಟ್ ಎತ್ತವ್ರೆ.”

ನಾನು ಕಂಡದ್ದು ಏರಿದ ನೀರು. ಅದರಿಂದ ಮಳೆಗೆ ಹೋದದ್ದು ಅನುಮಾನ. ಎರಡರ ನಡುವೆ ನಾನು ಕಾಣದೆ, ಕೇಳದೆ ಕಾಲಿಟ್ಟು ದಾಟಿದ ಹಲಗೆಯೊಂದಿತ್ತು: ಮಳೆ ಬಂದರಷ್ಟೇ ಹೊಳೆ ಏರುತ್ತದೆ ಎನ್ನುವುದು. ಅದು ಗೃಹೀತ. ಅನುಮಾನವನ್ನು ನಾವು ಬಾಯಿಬಿಟ್ಟು ಹೇಳುತ್ತೇವೆ, ಯಾಕೆ ಅಂತ ಯಾರಾದರೂ ಕೇಳಬಹುದು. ಗೃಹೀತ ಬಾಯಿಗೆ ಬರುವುದು ಮುರಿದ ಮೇಲೆ, “ಹಾಗಂದ್ಕೊಂಡಿದ್ದೆ” ಎಂದು.

ಗೌತಮರ ನ್ಯಾಯಸೂತ್ರದ ಎರಡನೇ ಅಧ್ಯಾಯದಲ್ಲಿ ಇಂಥದೇ ಒಂದು ಹೊಳೆಯ ಜಗಳವಿದೆ. ಅನುಮಾನವನ್ನು ನಂಬಲಾಗದು ಎನ್ನುತ್ತಾನೆ ಎದುರಾಳಿ. ಒಡ್ಡು ಕಟ್ಟಿದರೂ ಹೊಳೆ ತುಂಬುತ್ತದೆ. ಇರುವೆ ಮೊಟ್ಟೆ ಹೊತ್ತು ಸಾಗಿದರೆ ಮಳೆ ಅಂತೀರಿ, ಗೂಡು ಕೆಡವಿದರೂ ಅವು ಸಾಗುತ್ತವೆ. ನವಿಲಿನ ಕೂಗನ್ನು ಮನುಷ್ಯನೂ ಕೂಗಬಲ್ಲ. (ಸೂತ್ರದಲ್ಲಿರುವುದು ಕಟ್ಟಿದ ನೀರು, ನನ್ನದು ಬಿಟ್ಟ ನೀರು. ಮೋಸ ಹೋದ ಬಗೆ ಒಂದೇ.)

ಭಾಷ್ಯಕಾರ ವಾತ್ಸ್ಯಾಯನರ ಉತ್ತರ ನನಗೆ ಬಹಳ ಇಷ್ಟ. ನೀರು ಏರಿದ್ದೊಂದನ್ನೇ ನೋಡಿ ಬಲ್ಲವನು ಮಳೆ ಅನ್ನುವುದಿಲ್ಲ ಎನ್ನುತ್ತಾರೆ ಅವರು. ಸೆಳೆತ ಹೆಚ್ಚಿದೆಯೇ, ನೊರೆ ಬರುತ್ತಿದೆಯೇ, ಹಣ್ಣು, ಎಲೆ, ಕಟ್ಟಿಗೆ ತೇಲಿ ಬರುತ್ತಿವೆಯೇ ನೋಡುತ್ತಾನೆ. ನವಿಲಿನ ವಿಷಯಕ್ಕೆ ಹಾವನ್ನು ಸಾಕ್ಷಿಗೆ ಕರೆಯುತ್ತಾರೆ: ಅದಕ್ಕೆ ನಿಜವಾದ ಕೂಗು ಯಾವುದೆಂದು ಗೊತ್ತು! ಪ್ರಾಣಭಯ ಇದ್ದವರ ಕಿವಿ ಚುರುಕು. ತಪ್ಪು ಅನುಮಾನದ್ದಲ್ಲ, ಅನುಮಾನ ಮಾಡಿದವನದು ಎಂಬುದು ಅವರ ತೀರ್ಪು.

ಆದರೆ ಕನ್ನಡದಲ್ಲಿ ಪೆಟ್ಟು ತಿಂದದ್ದು ಪಾಪ ಆ ಪದವೇ. ಶಾಸ್ತ್ರದಲ್ಲಿ ಅನುಮಾನ ಒಂದು ಪ್ರಮಾಣ, ಸಂಶಯ ನೀಗಿಸುವ ದಾರಿ. ನಮ್ಮ ಮಾತಿನಲ್ಲಿ ಅದೇ ಸಂಶಯ. ಪೊಲೀಸರಿಗೆ ಅನುಮಾನ, ಅತ್ತೆಗೆ ಅನುಮಾನ. ನೊರೆ, ಎಲೆ ನೋಡದೆ ತೀರ್ಮಾನಕ್ಕೆ ಹಾರಿದವರು ತಲೆಮಾರುಗಟ್ಟಲೆ ಆ ಪದವನ್ನು ಬಳಸಿದ್ದರಿಂದಲೇ ಹೀಗಾಯಿತೋ ಏನೋ.

ಆಗ ನೀರಿನತ್ತ ಇನ್ನೊಮ್ಮೆ ನೋಡಿದೆ. ನೊರೆ ಇರಲಿಲ್ಲ, ಒಂದು ಕಡ್ಡಿಯೂ ತೇಲಿ ಬರಲಿಲ್ಲ. ಹಿರಿಯರು ಹಿಂಡಿದ ಪಂಚೆಯಿಂದಲೇ ನನ್ನ ಚಪ್ಪಲಿಯತ್ತ ತೋರಿಸಿದರು. “ಮೇಲಕ್ಕೆ ಇಟ್ಕಳಿ, ಸಂಜೆಗೆ ಹದಿನಾರು ಕಾಲು ಮಂಟಪ ಮುಟ್ಟುತ್ತೆ.” ಹೇಗೆ ಹೇಳ್ತೀರಿ ಅಂತ ಕೇಳಬೇಕಿತ್ತು. ಕೇಳದೆ ಎರಡು ಮೆಟ್ಟಿಲು ಮೇಲಕ್ಕಿಟ್ಟೆ.