ಕಂಡದ್ದನ್ನೇ ಕಾಣಲು ಹೋಗುವುದು

ಯಾವ ಊರಿಗೂ ನಾವು ಬರಿಗಣ್ಣಿನಲ್ಲಿ ಹೋಗುವುದಿಲ್ಲ. ಯಾರೋ ಹೇಳಿದ ಕಥೆಯೊಂದು ನಮಗಿಂತ ಮೊದಲೇ ಅಲ್ಲಿ ಬಂದು ಕಾದು ಕುಳಿತಿರುತ್ತದೆ. ನಮ್ಮ ಹಿರಿಯರು ಕಾಶಿಗೋ ರಾಮೇಶ್ವರಕ್ಕೋ ಹೊರಟಾಗ ಅವರ ಜೊತೆಗೆ ಸ್ಥಳಪುರಾಣವಿತ್ತು. ಇಂದು ಲಡಾಖಿನ ಪ್ಯಾಂಗಾಂಗ್ ಸರೋವರಕ್ಕೆ ಹೊರಡುವವರ ಜೊತೆಗೆ ಒಂದು ಸಿನಿಮಾ ಇರುತ್ತದೆ. 2009ರ ಡಿಸೆಂಬರಿನಲ್ಲಿ ತೆರೆಕಂಡ ‘ತ್ರೀ ಈಡಿಯಟ್ಸ್’ನ ಕೊನೆಯ ದೃಶ್ಯ ಯಾರಿಗೆ ನೆನಪಿಲ್ಲ? ಮದುವಣಗಿತ್ತಿಯ ಉಡುಗೆಯಲ್ಲೇ ಹಳದಿ ಸ್ಕೂಟರ್ ಏರಿ ಬರುವ ನಾಯಕಿ, ಅವಳ ಹಿಂದೆ ಕಣ್ಣಿಗೆ ತುಂಬಿ ಮಿಕ್ಕುವಷ್ಟು ನೀಲಿ. ಆ ಕೆಲವೇ ನಿಮಿಷಗಳು ಈ ಸರೋವರದ ಸ್ಥಳಪುರಾಣವಾಗಿಬಿಟ್ಟವು. ಇದಕ್ಕೆ ಮೂಗು ಮುರಿಯಬೇಕಾಗಿಲ್ಲ. ಕಥೆ ಕರೆಯದೇ ಹೋಗಿದ್ದರೆ ಬೆಂಗಳೂರಿನ, ಹುಬ್ಬಳ್ಳಿಯ ಸಂಸಾರಗಳು ಹದಿನಾಲ್ಕು ಸಾವಿರ ಅಡಿ ಎತ್ತರದ ಆ ನೀರಿನ ದಡಕ್ಕೆ ಯಾಕಾದರೂ ಹೋಗುತ್ತಿದ್ದವು?

ನಾವು ಕೇಳಿಕೊಳ್ಳಬೇಕಾದದ್ದು ಬೇರೆ ಇದೆ. ಸ್ಥಳಪುರಾಣ ಯಾತ್ರಿಕನಿಂದ ಏನನ್ನಾದರೂ ಬೇಡುತ್ತಿತ್ತು. ಉಪವಾಸ, ಬರಿಗಾಲ ನಡಿಗೆ, ನಸುಕಿನ ತಣ್ಣೀರಿನ ಸ್ನಾನ, ಒಂದಿಷ್ಟು ಮೌನ. ಅದನ್ನು ಸಲ್ಲಿಸಿದ ಮೇಲೆ ದರ್ಶನ. ಸಿನಿಮಾ ನಮ್ಮಿಂದ ಏನು ಬೇಡುತ್ತದೆ? ಅದೇ ಜಾಗದಲ್ಲಿ, ಅದೇ ಭಂಗಿಯಲ್ಲಿ ಒಂದು ಗಳಿಗೆ ನಿಂತರೆ ಸಾಕು.

ದಡದಲ್ಲಿ ಹಳದಿ ಸ್ಕೂಟರ್‌ಗಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ. ಸಿನಿಮಾದ ಪೋಸ್ಟರಿನಲ್ಲಿದ್ದಂಥ ಆಸನಗಳೂ ಉಂಟು. ದುಡ್ಡು ಕೊಟ್ಟು ಏರಿ ಕೂರಬಹುದು. ಗಂಡ ಫೋನು ಹಿಡಿದು ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ. ಹೆಂಡತಿ ಗಾಳಿಗೆ ಹಾರುವ ದುಪಟ್ಟಾವನ್ನು ಒಂದು ಕೈಯಲ್ಲಿ ಅದುಮಿ ಹಿಡಿದು ನಗುತ್ತಾಳೆ. ಫೋಟೊ ಆದ ಕೂಡಲೇ ಇಬ್ಬರೂ ತಲೆ ಬಾಗಿಸಿ ಪರದೆ ನೋಡುತ್ತಾರೆ. ಬಿಸಿಲಿಗೆ ಸರಿಯಾಗಿ ಕಾಣದೆ ಅಂಗೈ ಮರೆ ಮಾಡಿಕೊಳ್ಳುತ್ತಾರೆ. ಅಷ್ಟರಲ್ಲಿ ಮೋಡವೊಂದು ಅಡ್ಡ ಬಂದು ಬೆನ್ನ ಹಿಂದಿನ ನೀರು ನೀಲಿಯಿಂದ ಹಸಿರಿಗೆ, ಹಸಿರಿನಿಂದ ಬೂದಿಗೆ ತಿರುಗಿರುತ್ತದೆ. ಅವರ ಸಂತೋಷ ನಿಜವಾದದ್ದೇ. ಆದರೆ ಅವರು ಕಂಡದ್ದು ಸರೋವರವನ್ನೋ, ಮೊದಲೇ ಕಂಡಿದ್ದ ಚಿತ್ರ ಸರಿಯಾಗಿ ಮೂಡಿಬಂತೆಂಬ ಸಮಾಧಾನವನ್ನೋ?

ಅಂಕಗಳ ಹಿಂದೆ ಓಡಬೇಡಿ, ತಿಳಿಯುವ ಸುಖಕ್ಕಾಗಿ ಕಲಿಯಿರಿ ಎಂದು ಹೇಳಿದ ಸಿನಿಮಾ ಅದು. ಅದನ್ನು ಮೆಚ್ಚಿದ ನಾವು ನೋಡಬೇಕಾದ ಜಾಗಗಳ ಪಟ್ಟಿ ಹಿಡಿದು ಒಂದೊಂದನ್ನೇ ಮುಗಿಸುತ್ತ ಓಡುತ್ತಿದ್ದೇವೆ. ಆ ಸಿನಿಮಾದಲ್ಲಿ ಕಾಣಿಸಿಕೊಂಡ ಶಾಲೆ, ಲೇಹ್ ಸಮೀಪದ ಶೇ ಗ್ರಾಮದ ಡ್ರುಕ್ ಪದ್ಮ ಕಾರ್ಪೊ, ಮಕ್ಕಳ ಓದಿಗೆ ಅಡ್ಡಿಯಾಗುತ್ತಿದೆಯೆಂದು 2018ರಲ್ಲಿ ಪ್ರವಾಸಿಗರನ್ನು ತಡೆಯುವ ನಿರ್ಧಾರಕ್ಕೆ ಬರಬೇಕಾಯಿತು. ಕಲಿಕೆಯ ಕಥೆಯನ್ನು ಮೆಚ್ಚಿ ಬಂದವರಿಂದಲೇ ಕಲಿಯುವ ಮಕ್ಕಳಿಗೆ ತೊಂದರೆಯಾಯಿತೆಂದರೆ, ನಮ್ಮ ಮೆಚ್ಚುಗೆ ಎಲ್ಲಿ ದಾರಿ ತಪ್ಪಿತು?

ಹಾಗಿದ್ದರೂ ಭರವಸೆ ಕಳೆದುಕೊಳ್ಳುವಂತಿಲ್ಲ, ಏಕೆಂದರೆ ಈ ಸರೋವರ ಅಷ್ಟು ಸುಲಭಕ್ಕೆ ಒಲಿಯುವುದಿಲ್ಲ. ಲೇಹ್‌ನಲ್ಲಿ ವಿಮಾನ ಇಳಿದವರು ಒಂದೆರಡು ದಿನ ಏನೂ ಮಾಡದೆ ವಿಶ್ರಮಿಸಬೇಕು. ಅಲ್ಲಿಂದ ಹದಿನೇಳು ಸಾವಿರ ಅಡಿ ಮೀರಿದ ಚಾಂಗ್ ಲಾ ಘಟ್ಟ ಹತ್ತಿ ಇಳಿಯಬೇಕು. ಸರೋವರದ ದಡದಲ್ಲಿ ಒಂದು ಉಸಿರಿಗೆ ದಕ್ಕುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಸುಮಾರು ಶೇ 60ರಷ್ಟು ಮಾತ್ರ. ಬಗ್ಗಿ ಶೂ ದಾರ ಕಟ್ಟಿದರೂ ಏದುಸಿರು. ನಾಲ್ಕು ಹೆಜ್ಜೆ ಅವಸರ ಮಾಡಿದರೆ ತಲೆ ಸಿಡಿಯುತ್ತದೆ. ನಿವೃತ್ತರಾದ ಮೇಷ್ಟ್ರಾಗಲಿ, ಬೆಂಗಳೂರಿನಿಂದ ಬೈಕಿನಲ್ಲೇ ಬಂದ ಹುಡುಗನಾಗಲಿ, ಇಲ್ಲಿ ಇಬ್ಬರ ನಡಿಗೆಯೂ ಒಂದೇ. ಹಿಂದೆ ವ್ರತನಿಯಮಗಳು ಮಾಡಿಸುತ್ತಿದ್ದುದನ್ನು ಇಲ್ಲಿ ಎತ್ತರವೇ ಮಾಡಿಸುತ್ತದೆ. ನಾವು ಬಯಸಿ ಹಿಡಿದ ವ್ರತವಲ್ಲದಿರಬಹುದು. ಅದರ ಫಲ ಮಾತ್ರ ಸುಳ್ಳಾಗುವುದಿಲ್ಲ. ಓಡಲಾರದವನು ಕೂರುತ್ತಾನೆ. ಕೂತವನು, ಬೇರೆ ಕೆಲಸವಿಲ್ಲದೆ, ನೋಡತೊಡಗುತ್ತಾನೆ.

ಆಗ ಕಾಣುವುದೇನು? ಮೊದಲು, ಕಾಲಬುಡದ ಕಲ್ಲುಗಳ ಅಂಚಿನಲ್ಲಿ ಒಣಗಿ ನಿಂತ ಬಿಳಿಯ ಗೆರೆ. ನೀರಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದರೆ ಉಪ್ಪು. ಇಷ್ಟೊಂದು ತಿಳಿಯಾದ, ಹಿಮದ ಬೆಟ್ಟಗಳ ನಡುವಿನ ನೀರು ಕುಡಿಯಲು ಬಾರದು ಎಂಬುದು ಸಿನಿಮಾ ನೋಡಿ ಬಂದವರನ್ನು ತುಸು ಕಂಗೆಡಿಸುತ್ತದೆ. ಒಳಗೆ ಬಂದ ನೀರಿಗೆ ಹೊರಗೆ ಹರಿಯುವ ದಾರಿಯಿಲ್ಲ. ಆವಿಯಾಗಿ ಹೋಗಬೇಕಷ್ಟೆ, ಉಪ್ಪು ಉಳಿಯುತ್ತದೆ.

ಇಲ್ಲಿ ನಮ್ಮಂಥವರಿಗೆ ಒಂದು ಉಪದೇಶ ನಾಲಿಗೆಯ ತುದಿಗೇ ಬಂದುಬಿಡುತ್ತದೆ: ಕೊಡದೆ ಇಟ್ಟುಕೊಂಡದ್ದು ಉಪ್ಪಾಗುತ್ತದೆ, ನೋಡಿ! ಹೇಳಲು ಎಷ್ಟು ಹಿತ. ಆದರೆ ಅದು ನ್ಯಾಯವೇ? ಬಹಳ ಹಿಂದೆ ಈ ನೀರು ಪಶ್ಚಿಮಕ್ಕೆ ಹರಿದು ಶ್ಯೋಕ್ ನದಿಯನ್ನು ಸೇರುತ್ತಿತ್ತು, ಅದರ ಮೂಲಕ ಸಿಂಧುವನ್ನು. ನಡುವೆ ಮಣ್ಣುಕಲ್ಲು ಬಿದ್ದು ದಾರಿ ಮುಚ್ಚಿತು. ಅದು ಸರೋವರದ ಜಿಪುಣತನವೇನೂ ಅಲ್ಲ. ಇನ್ನೂ ಒಂದು ಸಂಗತಿ. ಇದೇ ಸರೋವರದ ಪೂರ್ವದ ತುದಿಯಲ್ಲಿ ನೀರು ಸಿಹಿ, ಪಶ್ಚಿಮದ ತುದಿಯಲ್ಲಿ ಉಪ್ಪು. ಒಂದೇ ಒಡಲಿನಲ್ಲಿ ಎರಡೂ ಇರುವಾಗ ಯಾವ ತುದಿಯಿಂದ ನೀತಿ ಕಲಿಯೋಣ? ಒಬ್ಬರು ಸರೋವರದ ಮುಂದೆ ಸ್ಕೂಟರ್ ನಿಲ್ಲಿಸಿದರೆ ಇನ್ನೊಬ್ಬರು ನೀತಿಪಾಠ ನಿಲ್ಲಿಸುತ್ತಾರೆ. ಎರಡರಲ್ಲೂ ಮರೆಯಾಗುವುದು ಸರೋವರವೇ.

ಸಿಹಿನೀರಿನ ಆ ತುದಿಯನ್ನು ನಾವು ನೋಡುವಂತಿಲ್ಲ. ಸುಮಾರು 134 ಕಿ.ಮೀ. ಉದ್ದದ ಸರೋವರದಲ್ಲಿ ನಮ್ಮ ಕಡೆಗಿರುವುದು ಮೂರನೆಯ ಒಂದು ಪಾಲು. ಉಳಿದದ್ದು ಚೀನಾದ ಹಿಡಿತದಲ್ಲಿದೆ. ಚೀನಾದೊಡನೆ ಯುದ್ಧ ನಡೆದ 1962ರ ಅಕ್ಟೋಬರಿನಲ್ಲಿ ಉತ್ತರ ದಡದ ಸಿರಿಜಾಪ್ ಠಾಣೆಯನ್ನು ಮೇಜರ್ ಧನ್ ಸಿಂಗ್ ಥಾಪಾ ಬೆರಳೆಣಿಕೆಯ ಗೂರ್ಖಾ ಯೋಧರೊಡನೆ ಕಾದಾಡಿ ಕಾಯ್ದರು, ಕೊನೆಗೆ ಸೆರೆಯಾದರು. ನವೆಂಬರ್ 18ರಂದು ದಕ್ಷಿಣದ ರೆಜಾಂಗ್ ಲಾದಲ್ಲಿ ಮೇಜರ್ ಶೈತಾನ್ ಸಿಂಗ್ ಮತ್ತು ಅವರ ಕುಮಾವೂನ್ ತುಕಡಿಯ ಬಹುತೇಕ ಯೋಧರು ಅಲ್ಲೇ ಪ್ರಾಣ ಬಿಟ್ಟರು. 2020ರಲ್ಲಿ ಮತ್ತೆ ಈ ದಡಗಳಲ್ಲೇ ಎರಡೂ ದೇಶಗಳ ಸೈನ್ಯಗಳು ಎದುರುಬದುರಾದವು. 2021ರ ಫೆಬ್ರವರಿಯಲ್ಲಿ ಹಿಂದೆ ಸರಿದವು. ನೋಡಿ ದಣಿಯದ ಆ ನೀಲಿಯನ್ನು ಹಗಲಿರುಳು ನೋಡುತ್ತಲೇ ಇರಬೇಕಾದ ಕೆಲಸದವರೂ ಇದ್ದಾರೆ. ಅವರ ಕಣ್ಣಿಗೆ ಈ ನೀರು ಏನಾಗಿ ಕಾಣುತ್ತಿರಬಹುದು?

ಸ್ಪಾಂಗ್ಮಿಕ್, ಮಾನ್, ಮೆರಾಕ್ ಹಳ್ಳಿಗಳ ಜನರ ಮಾತು ಮತ್ತೂ ಬೇರೆ. ಸಿಗುವ ಅಷ್ಟಿಷ್ಟು ಮಣ್ಣಿನಲ್ಲಿ ಬಾರ್ಲಿ, ಬಟಾಣಿ ಬೆಳೆಯುವವರು, ಪಶ್ಮಿನಾ ಉಣ್ಣೆಯ ಮೇಕೆಗಳನ್ನು ಬೆಟ್ಟದ ಮೇಲಿನ ಹುಲ್ಲಿಗೆ ಅಟ್ಟಿಕೊಂಡು ಹೋಗುವವರು ಅವರು. ಸಿನಿಮಾ ಅವರಿಗೂ ಒಂದು ದಾರಿ ತೋರಿಸಿತು. ಮನೆಯ ಒಂದು ಕೋಣೆ ಅತಿಥಿಗಳಿಗಾಯಿತು, ಕೈಗೆ ನಾಲ್ಕು ಕಾಸು ಬಂತು. ಜೊತೆಗೆ ದಡದುದ್ದಕ್ಕೂ ಡೇರೆಗಳು, ಪ್ಲಾಸ್ಟಿಕ್ ಬಾಟಲಿಗಳು ಬಂದವು. ಹೊರದಾರಿಯಿಲ್ಲದ ನೀರಿನಲ್ಲಿ ನಾವು ಬಿಟ್ಟುಬಂದದ್ದು ಎಲ್ಲಿಗೂ ಹೋಗುವುದಿಲ್ಲ ಎಂಬುದನ್ನು ಇನ್ನೊಮ್ಮೆ ಹೇಳಬೇಕೇ? ಇದು ನೀತಿಪಾಠವಲ್ಲ, ನೀರಿನ ಲೆಕ್ಕ.

ನಮ್ಮಲ್ಲಿ ಹೆಚ್ಚಿನವರು ಅಲ್ಲಿಗೆ ಹೋಗುವುದು ಮೇ ತಿಂಗಳಿಂದ ಸೆಪ್ಟೆಂಬರ್ ಒಳಗೆ, ನೀಲಿ ಇರುವಾಗ. ಚಳಿಗಾಲದಲ್ಲಿ ಉಪ್ಪುನೀರೆಂಬುದನ್ನೂ ಲೆಕ್ಕಿಸದೆ ಇಡೀ ಸರೋವರ ಹೆಪ್ಪುಗಟ್ಟುತ್ತದೆ. ಆಗಲೂ ಆ ಹಳ್ಳಿಗಳಲ್ಲಿ ಒಲೆ ಉರಿಯುತ್ತದೆ, ದನಕರುಗಳಿಗೆ ಮೇವು ಹಾಕುವವರಿರುತ್ತಾರೆ. ಮುಂದೆ ಹೋಗುವವರು ಸ್ಕೂಟರ್ ಏರಿ ಫೋಟೊ ತೆಗೆಸಿಕೊಳ್ಳಲಿ, ಬೇಡವೆನ್ನಲು ನಾವು ಯಾರು? ಅದಾದ ಮೇಲೆ ಅದೇ ದಿನ ಲೇಹ್‌ಗೆ ಮರಳದೆ, ಮೆರಾಕಿನ ಯಾವುದಾದರೂ ಮನೆಯಲ್ಲಿ ಒಂದು ರಾತ್ರಿ ಉಳಿಯಬಹುದಲ್ಲ. ಒಲೆಯ ಪಕ್ಕ ಕೂತು, ಬೆಣ್ಣೆ ಉಪ್ಪು ಹಾಕಿದ ಚಹಾ ಕೈಗೆ ಬಂದಾಗ, ಮನೆಯೊಡತಿಯನ್ನು ಕೇಳಬಹುದಲ್ಲ: ಜನವರಿಯಲ್ಲಿ ಕುಡಿಯುವ ನೀರು ಎಲ್ಲಿಂದ ತರುತ್ತೀರಿ, ಅಕ್ಕಾ?